ಹಸುಗೂಸಿನ ಕುಲಾವಿಗೆ ಯಾವ ನೂಲು, ಯಾವ ಕಡ್ಡಿ? ದಾನಕ್ಕೆಂದು ಕ್ರೋಶಾ ಹಾಕುವವರಿಗೆ ಒಂದು ವಿಮರ್ಶೆ

ಉಲ್ಲನ್ ಅಂಗಡಿಯಲ್ಲಿ ಉಂಡೆಯನ್ನು ಕೆನ್ನೆಗೆ ಒತ್ತಿ ನೋಡಿ ಕೊಳ್ಳುವುದು ರೂಢಿ. ಸ್ವಂತ ಮೊಮ್ಮಗುವಿಗೆ ಹಾಕುವುದಾದರೆ ಅಷ್ಟೇ ಸಾಕು. ಆ ಕುಲಾವಿಯನ್ನು ತಣ್ಣೀರಿನಲ್ಲಿ ಹಗುರವಾಗಿ ಹಿಂಡಿ ನೆರಳಿನಲ್ಲಿ ಒಣಗಿಸುವವರು ಮನೆಯಲ್ಲೇ ಇರುತ್ತಾರೆ. ಆಸ್ಪತ್ರೆಗೆ, ಅನಾಥಾಲಯಕ್ಕೆ, ವೃದ್ಧಾಶ್ರಮಕ್ಕೆ ಹೋಗುವ ಟೋಪಿ, ಹೊದಿಕೆಗಳಿಗೆ ಆ ಭಾಗ್ಯವಿಲ್ಲ. ಬಿಸಿನೀರು, ಖಾರವಾದ ಸೋಪಿನ ಪುಡಿ, ಬಂಡೆಯ ಮೇಲೆ ನಾಲ್ಕೇಟು, ಸುಡುಬಿಸಿಲು, ಇಷ್ಟನ್ನೂ ತಡೆದುಕೊಂಡು ಅದು ಮತ್ತೆ ಒಂದು ತಲೆಯ ಮೇಲೆ ಸರಿಯಾಗಿ ಕೂರಬೇಕು. ಹಾಗಾಗಿ ಇಲ್ಲಿ ನೂಲುಗಳಿಗೆ ಅಂಕ ಕೊಟ್ಟಿರುವುದು ಅಂಗಡಿಯ ಮೃದುತ್ವಕ್ಕಲ್ಲ, ಐದನೇ ಒಗೆತದ ನಂತರ ಅವು ಹೇಗಿರುತ್ತವೆ ಎಂಬುದಕ್ಕೆ.

ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಕೊಳ್ಳುವ ಮುಂಚೆ ಒಂದೇ ಒಂದು ಉಂಡೆ ತಂದು ಹತ್ತು ಸೆಂಟಿಮೀಟರ್ ಚೌಕದ ಎರಡು ತುಂಡು ಹಾಕಿ. ಒಂದನ್ನು ಎತ್ತಿಡಿ, ಇನ್ನೊಂದನ್ನು ಮನೆಯ ದಿನನಿತ್ಯದ ಬಟ್ಟೆಯ ಜೊತೆ ಐದು ಸಲ ಒಗೆದು ಬಿಸಿಲಿಗೆ ಹಾಕಿ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಅಂಚು ಎಷ್ಟು ಬೆಳೆದಿದೆ ಅಥವಾ ಕುಗ್ಗಿದೆ, ಮೈಮೇಲೆ ಎಷ್ಟು ಗುಂಡು ಎದ್ದಿದೆ, ಹೊಲಿಗೆಯ ಸಾಲು ಇನ್ನೂ ಎಣಿಸಲು ಕಾಣುತ್ತದೆಯೇ, ಇವಿಷ್ಟೇ ನೋಡಬೇಕಾದದ್ದು. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ತುಂಡನ್ನು ನೆನೆಸಿ, ಬಿಳಿ ಪಂಚೆಯ ಚೂರಿನಲ್ಲಿ ಸುತ್ತಿ, ಹತ್ತು ನಿಮಿಷ ಭಾರ ಹೇರಿಡಿ. ಕಡುಗೆಂಪು ಮತ್ತು ಕಡುನೀಲಿ ಇದರಲ್ಲಿ ಹೆಚ್ಚು ಸೋಲುತ್ತವೆ.

ಮೊದಲಿಗೆ ಎಲ್ಲ ಅಂಗಡಿಗಳಲ್ಲೂ ಸಿಗುವ ಅಕ್ರಿಲಿಕ್ ಬೇಬಿ ಉಲ್ಲನ್. ನಮ್ಮ ಪೇಟೆಗೆ ಬರುವ ಕೈಹೆಣಿಗೆಯ ನೂಲಿನಲ್ಲಿ ಬಹುಪಾಲು ಲೂಧಿಯಾನದ್ದು. ವರ್ಧಮಾನ್, ಓಸ್ವಾಲ್ ಎರಡೂ ಆ ಊರಿನ ಹೆಸರುಗಳೇ. ಇದನ್ನು ಎಲ್ಲರೂ 'ಉಲ್ಲನ್' ಎಂದೇ ಕರೆದರೂ ಇದರಲ್ಲಿ ಕುರಿಯ ಉಣ್ಣೆ ಇರುವುದಿಲ್ಲ. ಸುತ್ತುಪಟ್ಟಿಯಲ್ಲಿ '100% ಅಕ್ರಿಲಿಕ್' ಎಂದು ಅಚ್ಚಾಗಿರುತ್ತದೆ, ಕೊಳ್ಳುವಾಗ ಓದಿ. ಇದರ ದೊಡ್ಡ ಗುಣ, ಎಷ್ಟು ಒಗೆದರೂ ಕುಗ್ಗದು, ಬೇಗ ಒಣಗುತ್ತದೆ, ಹುಳ ಹಿಡಿಯದು. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಹತ್ತಿ ಮೂರು ದಿನ ಒಣಗದೆ ಮುಗ್ಗಲು ವಾಸನೆ ಹಿಡಿಯುವಾಗ ಅಕ್ರಿಲಿಕ್ ಅರ್ಧ ದಿನದಲ್ಲಿ ಒಣಗಿರುತ್ತದೆ. ಹೊದಿಕೆಗೆ, ದೊಡ್ಡವರ ಮಫ್ಲರ್‌ಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಯಲ್ಲಿ ಇಲ್ಲ.

ಕೊರತೆಗಳೂ ಇವೆ, ಅವು ಚಿಕ್ಕವಲ್ಲ. ಅಕ್ರಿಲಿಕ್ ಬೆವರು ಹೀರುವುದಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕುರಿಯ ಉಣ್ಣೆ 16ರ ಹತ್ತಿರ, ಅಕ್ರಿಲಿಕ್ ಒಂದೆರಡು ಶೇಕಡಾ ಮಾತ್ರ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಕ್ರಿಲಿಕ್ ಟೋಪಿ ತಲೆಗೆ ಹಿಂಸೆ. ಎರಡನೆಯದು ಬಿಸಿ. ಬಿಸಿ ಆವಿ ತಗುಲಿದರೆ ಈ ನೂಲು ಮೈಬಿಟ್ಟು ಜೋತುಬೀಳುತ್ತದೆ, ಆಮೇಲೆ ಏನು ಮಾಡಿದರೂ ಮೊದಲಿನ ಬಿಗಿ ಬರುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಹತ್ತಿರಕ್ಕೂ ತರಬೇಡಿ, ಆಸ್ಪತ್ರೆಯಲ್ಲಿ ಆವಿಯ ಶುದ್ಧೀಕರಣಕ್ಕೆ ಹಾಕುವ ವಸ್ತುಗಳಿಗೂ ಇದು ಒಗ್ಗದು. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ಕೂತು ಅಡುಗೆ ಮಾಡುವ ವೃದ್ಧೆಯರಿಗೆ ಅಕ್ರಿಲಿಕ್ ಶಾಲು ಕೊಡುವಾಗ ಇದು ನೆನಪಿರಲಿ.

ಅಕ್ರಿಲಿಕ್ ಉಂಡೆಗಳಲ್ಲೇ ಒಳ್ಳೆಯದು ಕೆಟ್ಟದು ಗುರುತಿಸುವುದು ಹೀಗೆ. ಒಂದು ಗೇಣು ನೂಲು ಎಳೆದುಕೊಂಡು ಎರಡು ಬೆರಳ ನಡುವೆ ಹುರಿಗೆ ಎದುರಾಗಿ ತಿರುವಿ. ಎಳೆಗಳು ತಕ್ಷಣ ಬೇರೆಬೇರೆಯಾಗಿ ಹರಡಿದರೆ ಹುರಿ ಸಡಿಲ, ಕಡ್ಡಿಯ ತುದಿ ನೂಲನ್ನು ಸೀಳುತ್ತದೆ, ಒಗೆದ ಮೇಲೆ ಗುಂಡು ಏಳುತ್ತದೆ. ಎರಡು ಮೂರು ತಿರುವು ತಡೆದರೆ ಕೊಳ್ಳಬಹುದು. ಅತಿಯಾಗಿ ಉಬ್ಬಿ ಹತ್ತಿಯಂತೆ ಕಾಣುವ ಉಂಡೆಯೇ ಬಹಳ ಸಲ ಬೇಗ ಹಾಳಾಗುವುದು, ಏಕೆಂದರೆ ಆ ಉಬ್ಬು ಬಂದಿರುವುದೇ ಸಡಿಲ ಹುರಿಯಿಂದ.

ಮಿಲ್ಕ್ ಕಾಟನ್ ಎಂಬ ಹೆಸರಿನಲ್ಲಿ 50 ಗ್ರಾಂ ಉಂಡೆಗಳು ಈಗ ಎಲ್ಲೆಡೆ ಬಂದಿವೆ. ಹೆಸರು ಕೇಳಿ ಅಪ್ಪಟ ಹತ್ತಿ ಎಂದುಕೊಳ್ಳುವವರೇ ಹೆಚ್ಚು. ಬಹುತೇಕ ಉಂಡೆಗಳಲ್ಲಿ ಇರುವುದು ಹತ್ತಿ ಮತ್ತು ಅಕ್ರಿಲಿಕ್‌ನ ಮಿಶ್ರಣ, ಪ್ರಮಾಣ ಒಬ್ಬೊಬ್ಬರದು ಒಂದೊಂದು. ಮಿಶ್ರಣವೆಂದು ಮೂಗು ಮುರಿಯಬೇಕಿಲ್ಲ, ಹಸುಗೂಸಿನ ಕುಲಾವಿಗೆ ನಮ್ಮ ಮೊದಲ ಆಯ್ಕೆ ಇದೇ. ಬೆವರು ಹೀರುವಷ್ಟು ಹತ್ತಿ ಇದೆ, ಆಕಾರ ಹಿಡಿದಿಡುವಷ್ಟು ಅಕ್ರಿಲಿಕ್ ಇದೆ, ಕೂದಲೆಳೆಯಂಥ ನಾರು ಉದುರುವುದು ಕಡಿಮೆ, ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಕೈಕೊಡುವುದು ಒಂದೇ ಕಡೆ: ಐದಾರು ಸಣ್ಣ ಎಳೆಗಳನ್ನು ಸಡಿಲವಾಗಿ ಹೊಸೆದಿರುವುದರಿಂದ ಮೊನಚು ತುದಿಯ ಕಡ್ಡಿ ಎರಡು ಎಳೆ ಬಿಟ್ಟು ನಾಲ್ಕನ್ನು ಮಾತ್ರ ಎಳೆದುಕೊಂಡು ಬರುತ್ತದೆ. ಬಿಟ್ಟ ಎಳೆ ಹೊರಗೆ ಸಣ್ಣ ಕುಣಿಕೆಯಾಗಿ ನಿಲ್ಲುತ್ತದೆ. ಟೋಪಿಯಲ್ಲಿ ಅದು ನೋಡಲು ಅಸಹ್ಯ ಅಷ್ಟೆ, ಮಗುವಿನ ಕಾಲುಚೀಲದ ಒಳಗಾದರೆ ಅಪಾಯ. ಆ ವಿಷಯ ಮುಂದೆ ಬರುತ್ತದೆ. ತುದಿ ದುಂಡಗಿರುವ ಕಡ್ಡಿ ಬಳಸಿದರೆ ಮುಕ್ಕಾಲು ತೊಂದರೆ ತಪ್ಪುತ್ತದೆ.

ಅಪ್ಪಟ ಹತ್ತಿಯಲ್ಲಿ ಎರಡು ಜಾತಿ. ಆ್ಯಂಕರ್‌ನಂಥ ಹೊಳಪಿನ ಕ್ರೋಶಾ ದಾರ ಟೇಬಲ್ ಕ್ಲಾತಿಗೆ, ಬಾಗಿಲ ತೋರಣಕ್ಕೆ ಸೊಗಸು. ತಲೆಗೆ ಗಟ್ಟಿ, ಕೆಲಸವೂ ನಿಧಾನ, ದಾನದ ಕೆಲಸಕ್ಕೆ ಬೇಡ. ಇನ್ನೊಂದು, ಹೊಳಪು ಹಾಕದ ದಪ್ಪ ಹತ್ತಿ ನೂಲು. ಕೀಮೋ ಚಿಕಿತ್ಸೆಯಲ್ಲಿ ಕೂದಲು ಉದುರಿದವರ ಟೋಪಿಗೆ ಇದನ್ನು ಬಿಟ್ಟು ಬೇರೆ ಕೊಡಬಾರದು ಎಂಬಷ್ಟು ಇದು ಒಪ್ಪುತ್ತದೆ. ಆಗ ನೆತ್ತಿಯ ಚರ್ಮ ಎಷ್ಟು ಸೂಕ್ಷ್ಮವಾಗಿರುತ್ತದೆಂದರೆ ದಿಂಬಿನ ಹೊಲಿಗೆಯೂ ಚುಚ್ಚುತ್ತದೆ. ಹತ್ತಿಯ ದೋಷ ಅದರ ಭಾರ ಮತ್ತು ಹಿಗ್ಗುವಿಕೆ. ಅದಕ್ಕೆ ಉಣ್ಣೆಯ ಸ್ಪ್ರಿಂಗ್ ಇಲ್ಲ, ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಆದ್ದರಿಂದ ಹತ್ತಿ ಟೋಪಿಯನ್ನು ಅಕ್ರಿಲಿಕ್ ಟೋಪಿಗಿಂತ ಎರಡು ಸೆಂಟಿಮೀಟರ್ ಕಿರಿದಾಗಿಯೇ ಹಾಕಬೇಕು, ಕಡ್ಡಿಯನ್ನೂ ಅರ್ಧ ಮಿಲಿಮೀಟರ್ ಸಣ್ಣದು ತೆಗೆದುಕೊಳ್ಳಬೇಕು.

ಕುರಿಯ ಉಣ್ಣೆ ದಾನಕ್ಕೆ ಬೇಡ. ಬಿಸಿನೀರು ಮತ್ತು ಉಜ್ಜುವಿಕೆ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಒಂದೇ ಒಗೆತಕ್ಕೆ ಕುಲಾವಿ ಬೊಂಬೆಯ ಟೋಪಿಯಾಗುತ್ತದೆ. ಚಳ್ಳಕೆರೆಯ ಕಂಬಳಿಗೆ ಡೆಕ್ಕನಿ ಕುರಿಯ ಉಣ್ಣೆ ಎಷ್ಟು ಚೆನ್ನವೋ ಹಸುಗೂಸಿನ ಚರ್ಮಕ್ಕೆ ಅಷ್ಟೇ ಒರಟು. ವೆಲ್ವೆಟ್, ಚೆನಿಲ್, ತುಪ್ಪಳದ ನೂಲುಗಳು ಮುಟ್ಟಿದರೆ ಬೆಣ್ಣೆ. ಆದರೆ ಒಂದು ತುದಿ ಕತ್ತರಿಸಿ ಎಳೆದು ನೋಡಿ, ಮೃದು ನಾರೆಲ್ಲ ಉದುರಿ ಬೆತ್ತಲೆ ದಾರ ಉಳಿಯುತ್ತದೆ. ಆ ನಾರು ಮಗುವಿನ ಮೂಗು, ಬಾಯಿಗೆ ಹೋಗುತ್ತದೆ. ಇಂಥದ್ದನ್ನು ಆಸ್ಪತ್ರೆಗೆ ಕೊಡಲೇಬಾರದು.

ಸುತ್ತುಪಟ್ಟಿಯ ಮೇಲೆ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತು ಇದ್ದರೆ ನೂಲಿನಲ್ಲಿ ಹಾನಿಕರ ರಾಸಾಯನಿಕಗಳಿವೆಯೇ ಎಂದು ಪರೀಕ್ಷೆಯಾಗಿದೆ ಎಂದರ್ಥ. ಅದರಲ್ಲಿ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಿಗೆ ಒಂದನೇ ವರ್ಗ, ಅದೇ ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಬೆಲೆ ಹೋಲಿಸುವಾಗ ಉಂಡೆಗೆ ಎಷ್ಟು ಎಂದು ನೋಡಬೇಡಿ. ಒಂದು 25 ಗ್ರಾಂ, ಒಂದು 50, ಇನ್ನೊಂದು 100 ಇರುತ್ತದೆ. ಬೆಲೆಯನ್ನು ಮೀಟರಿನಿಂದ ಭಾಗಿಸಿ, ಪಟ್ಟಿಯಲ್ಲಿ ಮೀಟರ್ ಅಚ್ಚಾಗಿದ್ದರೆ. ಹತ್ತಿ ಭಾರವಾದ್ದರಿಂದ ಅದೇ ದಪ್ಪದ ಅಕ್ರಿಲಿಕ್‌ಗಿಂತ ಗ್ರಾಮಿಗೆ ಕಡಿಮೆ ಉದ್ದ ಬರುತ್ತದೆ. ಹೊದಿಕೆಗೆ ಕೊಳ್ಳುವಾಗ ಎಲ್ಲ ಉಂಡೆಗಳ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇದೆಯೇ ನೋಡಿ, ಬೇರೆ ಲಾಟಿನ ಅದೇ ಗುಲಾಬಿ ಬಿಸಿಲಿನಲ್ಲಿ ಬೇರೆಯೇ ಗುಲಾಬಿಯಾಗಿ ಕಾಣುತ್ತದೆ. ಕುಲಾವಿಗೆ ಈ ಚಿಂತೆಯಿಲ್ಲ, ಒಂದು ಉಂಡೆಯಲ್ಲಿ ಒಂದು ಮುಗಿಯುತ್ತದೆ.

ಈಗ ಕಡ್ಡಿ. ಸಾಧಾರಣ ಕುಲಾವಿಗೆ 4 ಮಿ.ಮೀ., ಹತ್ತಿಗೆ 3.5 ಮಿ.ಮೀ. ಈ ಎರಡು, ಅಂಚಿಗೆ ಬೇಕಾದರೆ ಒಂದು 4.5 ಇದ್ದರೆ ದಾನದ ಕೆಲಸವೆಲ್ಲ ಸಾಗುತ್ತದೆ, ಹನ್ನೆರಡು ಹದಿನಾಲ್ಕು ಕಡ್ಡಿಗಳ ಬಣ್ಣದ ಪೆಟ್ಟಿಗೆ ಬೇಕಿಲ್ಲ. ಪೋನಿಯ ಅಲ್ಯುಮಿನಿಯಂ ಕಡ್ಡಿಯಂಥ ಸರಳ ಕಡ್ಡಿಯಲ್ಲಿ ಅಳತೆ ಹಿಡಿಯ ಮೇಲೇ ಒತ್ತಿರುತ್ತದೆ, ಅಳಿಸುವುದಿಲ್ಲ. ಅಲ್ಯುಮಿನಿಯಂ ನುಣುಪಾದ್ದರಿಂದ ಅಕ್ರಿಲಿಕ್ ಅಂಟದೆ ಜಾರುತ್ತದೆ. ಅದೇ ಅಕ್ರಿಲಿಕ್ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಕಿರುಗುಟ್ಟುತ್ತ ಹಿಡಿಯುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ದಿನಕ್ಕೆ ಎರಡು ಕುಲಾವಿ ಹಾಕುವವರು ಮಾತ್ರ ರಬ್ಬರ್ ಹಿಡಿಯ ಕಡ್ಡಿಗೆ ಹೆಚ್ಚು ಹಣ ಕೊಡಲಿ. ಜಪಾನಿನ ಕ್ಲೋವರ್, ಟ್ಯುಲಿಪ್ ಕಡ್ಡಿಗಳು ದುಬಾರಿ, ಆದರೆ ಹಿಡಿ ದಪ್ಪಗಿರುವುದರಿಂದ ಬೆರಳನ್ನು ಬಿಗಿಹಿಡಿಯಬೇಕಿಲ್ಲ.

ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳಲ್ಲಿ ಒಂದು ಮೋಸವಿದೆ: ಹಿಡಿಯ ಮೇಲೆ 4 ಎಂದಿರುತ್ತದೆ, ಕತ್ತಿನ ಕೆಳಗೆ ಅಳೆದರೆ 3.6 ಬರುತ್ತದೆ. ಕುಲಾವಿ ಒಂದು ಅಳತೆ ಚಿಕ್ಕದಾಗಿ ಬರಲು ಬಹಳ ಸಲ ಇದೇ ಕಾರಣ, ಹಾಕುವವರು ತಮ್ಮ ಕೈ ಬಿಗಿ ಎಂದು ತಿಳಿದು ಸುಮ್ಮನಾಗುತ್ತಾರೆ. ತೂತುಗಳಿರುವ ಅಳತೆಪಟ್ಟಿ ಉಲ್ಲನ್ ಅಂಗಡಿಯಲ್ಲೇ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಜೊತೆಗೆ ಮೊಂಡು ತುದಿಯ ದಪ್ಪ ಸೂಜಿ, ಎರಡು ಸೇಫ್ಟಿ ಪಿನ್, ಅಡುಗೆಮನೆಯ ತೂಕದ ಯಂತ್ರ. ಇನ್ನೇನೂ ಬೇಡ.

ಇಷ್ಟೆಲ್ಲ ಹಸುಗೂಸಿನ ಕುಲಾವಿಯ ಸುತ್ತಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಬೇಗ ಮುಗಿಯುವ, ನಿಜಕ್ಕೂ ಬಳಕೆಯಾಗುವ ವಸ್ತು ಇದೇ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿನ ಮೈಯಲ್ಲಿ ತಲೆಯ ಪಾಲು ದೊಡ್ಡದು, ಶಾಖ ಹೆಚ್ಚು ಸೋರುವುದು ಅಲ್ಲಿಂದ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುತ್ತಾರೆ. ಆಗ ಮಗುವಿನ ಮೈಮೇಲೆ ಇರುವುದು ಡೈಪರ್, ಕಾಲುಚೀಲ, ತಲೆಗೊಂದು ಟೋಪಿ, ಇಷ್ಟೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಈ ಆರೈಕೆಯನ್ನು ಹೆಚ್ಚು ತಾಯಂದಿರಿಗೆ ಮುಟ್ಟಿಸುವ ಕೆಲಸ ನಡೆದಿದೆ. ಅಂಗಡಿಯಲ್ಲಿ ಸಿಗುವ 'ನವಜಾತ' ಅಳತೆಯ ಟೋಪಿ ಇಂಥ ಮಗುವಿನ ಕಣ್ಣಿನ ಮೇಲೆ ಇಳಿಯುತ್ತದೆ. ಕೈಯಲ್ಲಿ ಹಾಕಿದ್ದಕ್ಕೆ ಬೆಲೆ ಬರುವುದು ಅಲ್ಲಿ.

ಅಳತೆಯ ಲೆಕ್ಕ ಸುಲಭ. ದಿನ ತುಂಬಿದ ಮಗುವಿನ ತಲೆಸುತ್ತು 33ರಿಂದ 36 ಸೆಂಟಿಮೀಟರ್. 32 ವಾರಕ್ಕೆ ಹುಟ್ಟಿದ್ದಾದರೆ 29ರ ಆಸುಪಾಸು, 28 ವಾರದ್ದು 25-26. ಟೋಪಿಯ ಸುತ್ತಳತೆ ತಲೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಕಡಿಮೆ ಇದ್ದರೆ ಹಿಗ್ಗಿ ಕೂರುತ್ತದೆ, ಜಾರುವುದಿಲ್ಲ. ಆ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ನೆತ್ತಿಯ ಚಪ್ಪಟೆ ಬಿಲ್ಲೆಯ ಅಗಲ ಸಿಗುತ್ತದೆ. 30 ಸೆಂಟಿಮೀಟರಿನ ಟೋಪಿಗೆ ಬಿಲ್ಲೆ ಒಂಬತ್ತೂವರೆ ಸೆಂಟಿಮೀಟರ್. ಈ ಒಂದು ಲೆಕ್ಕ ಗೊತ್ತಿದ್ದರೆ ಯಾವ ನೂಲು, ಯಾವ ಕಡ್ಡಿಯಾದರೂ ಟೋಪಿ ತಪ್ಪುವುದಿಲ್ಲ. ಬಿಲ್ಲೆ ಅಷ್ಟು ಅಗಲವಾಗುವವರೆಗೆ ಹೆಚ್ಚಿಸಿ, ಆಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಸಾಕು.

ಹಾಕುವ ಕ್ರಮ ಇದು. ಹೊಲಿಗೆ ಹಾಫ್ ಡಬಲ್: ಕಡ್ಡಿಗೆ ನೂಲು ಒಂದು ಸುತ್ತು, ತೂರಿಸಿ ಎಳೆದರೆ ಮೂರು ಕುಣಿಕೆ, ಮತ್ತೆ ನೂಲು ಹಿಡಿದು ಮೂರರಲ್ಲೂ ಒಂದೇ ಸಲ ಹೊರಗೆ. ಗಿಡ್ಡ ಹೊಲಿಗೆಯಾದ ಸಿಂಗಲ್‌ಗಿಂತ ಬೇಗ ಬೆಳೆಯುತ್ತದೆ, ಎತ್ತರದ ಡಬಲ್‌ನಂತೆ ನಡುವೆ ತೂತು ಬೀಳುವುದಿಲ್ಲ, ಆದ್ದರಿಂದ ದಾನದ ಟೋಪಿಗೆ ಇದೇ ಸರಿ. 4 ಮಿ.ಮೀ. ಕಡ್ಡಿ, ಡಿಕೆ (ಡಬಲ್ ನಿಟಿಂಗ್, ಅಂದರೆ ಮಧ್ಯಮ) ದಪ್ಪದ ನೂಲಿನಲ್ಲಿ ಹತ್ತು ಸೆಂಟಿಮೀಟರಿಗೆ 16 ಹೊಲಿಗೆ ಬರಬೇಕು. ಮ್ಯಾಜಿಕ್ ರಿಂಗ್‌ನಲ್ಲಿ (ಬಾಲ ಎಳೆದರೆ ಮುಚ್ಚಿಕೊಳ್ಳುವ ನೂಲಿನ ಉಂಗುರ) 8 ಹೊಲಿಗೆ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡು, ಒಟ್ಟು 16. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, 24. ಹೀಗೆ ಸುತ್ತಿಗೆ ಎಂಟರಂತೆ 32, 40, 48. ಆರು ಸುತ್ತಿಗೆ ಬಿಲ್ಲೆ ಸಿದ್ಧ. ಆಮೇಲೆ ಹೆಚ್ಚಿಸದೆ ಹತ್ತು ಸುತ್ತು ನೇರ. ಎತ್ತರ ಸುಮಾರು 13 ಸೆಂಟಿಮೀಟರ್, ದಿನ ತುಂಬಿದ ಮಗುವಿಗೆ ಸರಿ. 40ಕ್ಕೆ ನಿಲ್ಲಿಸಿ ಒಟ್ಟು 14 ಸುತ್ತು ಹಾಕಿದರೆ 32 ವಾರದ ಮಗುವಿಗೆ, 32ಕ್ಕೆ ನಿಲ್ಲಿಸಿ ಒಟ್ಟು 11 ಸುತ್ತಾದರೆ ಇನ್ನೂ ಚಿಕ್ಕದಕ್ಕೆ. ದೊಡ್ಡ ಅಳತೆಗೆ ಅಕ್ರಿಲಿಕ್‌ನಲ್ಲಿ 20 ಗ್ರಾಂ ಆಸುಪಾಸು ಬೇಕು. 100 ಗ್ರಾಮಿನ ಉಂಡೆಯಲ್ಲಿ ನಾಲ್ಕು ನಿಶ್ಚಿಂತೆ, ಉಳಿದದ್ದರಲ್ಲಿ ಒಂದು ಚಿಕ್ಕದು. ಕೈ ಪಳಗಿದವರಿಗೆ ಒಂದಕ್ಕೆ ಒಂದೂವರೆ ಗಂಟೆ.

ಸುತ್ತನ್ನು ಸ್ಲಿಪ್ ಸ್ಟಿಚ್‌ನಿಂದ (ನೂಲನ್ನು ಎಲ್ಲ ಕುಣಿಕೆಯಲ್ಲೂ ನೇರ ಎಳೆದುಕೊಳ್ಳುವ ಅತಿ ಗಿಡ್ಡ ಹೊಲಿಗೆ) ಮುಚ್ಚಿ ಚೈನು (ಬಿಡಿ ಕುಣಿಕೆಗಳ ಸರಪಳಿ) ಎತ್ತುವ ಕ್ರಮದಲ್ಲಿ ಹಿಂದೆ ಒಂದು ಗೆರೆ ಬೀಳುತ್ತದೆ, ಹೊಸಬರು ಆ ಚೈನನ್ನು ಒಂದು ಸಲ ಹೊಲಿಗೆಯೆಂದು ಎಣಿಸಿ ಇನ್ನೊಂದು ಸಲ ಬಿಡುತ್ತಾರೆ. ಲೆಕ್ಕ ತಪ್ಪುವುದು ಹತ್ತಕ್ಕೆ ಎಂಟು ಸಲ ಅಲ್ಲೇ. ನಿಲ್ಲದೆ ಸುರುಳಿಯಾಗಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಸೇಫ್ಟಿ ಪಿನ್ ಹಾಕಿ, ಮುಂದಿನ ಸುತ್ತಿನಲ್ಲಿ ತೆಗೆದು ಮೇಲಕ್ಕೆ ಹಾಕಿ. ಕೊನೆಯಲ್ಲಿ ಮೆಟ್ಟಿಲು ಉಳಿಯದಂತೆ ಒಂದು ಸಿಂಗಲ್, ಎರಡು ಸ್ಲಿಪ್ ಸ್ಟಿಚ್. ಕಟ್ಟುವ ಮುಂಚೆ ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಒಂದೂ ಟೋಪಿಯಲ್ಲಿ ಉಳಿಯಬಾರದು.

ಬಿಲ್ಲೆ ಬಟ್ಟಲಿನಂತೆ ಒಳಕ್ಕೆ ಬಾಗಿದರೆ ಹೆಚ್ಚಿಸಿದ್ದು ಕಡಿಮೆ ಅಥವಾ ಕೈ ಬಿಗಿ, ಕಡ್ಡಿ ಅರ್ಧ ಮಿ.ಮೀ. ದೊಡ್ಡದು ಮಾಡಿ. ಅಂಚು ಹಪ್ಪಳದಂತೆ ಅಲೆಯಾದರೆ ಹೆಚ್ಚಿಸಿದ್ದು ಜಾಸ್ತಿ, ಬಿಚ್ಚಿ. ಅಂಚಿನ ಕೊನೇ ಸುತ್ತು ಬಿಗಿಯಾದರೆ ಹಣೆಯ ಮೇಲೆ ಕೆಂಪು ಗೆರೆ ಮೂಡುತ್ತದೆ, ಕೊನೇ ಸುತ್ತಿಗೆ 4.5 ಮಿ.ಮೀ. ಕಡ್ಡಿ ತೆಗೆದುಕೊಂಡರೆ ತಪ್ಪುತ್ತದೆ. ಯೂಟ್ಯೂಬ್ ನೋಡಿ ಹಾಕುವವರಿಗೆ ಇನ್ನೊಂದು ಎಚ್ಚರಿಕೆ: ಅಮೆರಿಕದವರ ಹಾಫ್ ಡಬಲ್ ಬ್ರಿಟಿಷರಿಗೆ ಹಾಫ್ ಟ್ರೆಬಲ್, ಅಮೆರಿಕದ ಸಿಂಗಲ್ ಬ್ರಿಟಿಷರಿಗೆ ಡಬಲ್. ಮಾದರಿಯಲ್ಲಿ 'ಸಿಂಗಲ್' ಎಂಬ ಮಾತು ಕಂಡರೆ ಅದು ಅಮೆರಿಕದ್ದು.

ದಾನದ ಕುಲಾವಿ ಒಗೆತದಲ್ಲಿ ಮೊದಲು ಬಿಚ್ಚುವುದು ನೆತ್ತಿಯಲ್ಲಿ. ಮ್ಯಾಜಿಕ್ ರಿಂಗ್‌ನ ಬಾಲವನ್ನು ಎಳೆದು ಕತ್ತರಿಸಿಬಿಟ್ಟರೆ ಎರಡನೇ ಒಗೆತಕ್ಕೆ ನಡುವೆ ಬೆರಳು ಹೋಗುವ ತೂತು. ಬಾಲ 15 ಸೆಂಟಿಮೀಟರ್ ಬಿಡಿ. ಸೂಜಿಗೆ ಪೋಣಿಸಿ ರಿಂಗ್‌ನ ಸುತ್ತಲೂ ಒಂದು ಪೂರ್ತಿ ಸುತ್ತು ಹೊಲಿಗೆಗಳ ಬುಡದಲ್ಲಿ ತೂರಿಸಿ, ದಿಕ್ಕು ತಿರುಗಿಸಿ ವಾಪಸ್ ಬನ್ನಿ, ಮತ್ತೆ ತಿರುಗಿಸಿ ಮೂರು ಸೆಂಟಿಮೀಟರ್. ಈಗ ಟೋಪಿಯನ್ನು ಎರಡೂ ಕಡೆಯಿಂದ ಜಗ್ಗಿ, ಬಾಲ ಸ್ವಲ್ಪ ಒಳಕ್ಕೆ ಸೇದಿಕೊಳ್ಳುತ್ತದೆ, ಆಮೇಲೆ ಕತ್ತರಿಸಿ. ಮಿಲ್ಕ್ ಕಾಟನ್ ಜಾರುವ ನೂಲಾದ್ದರಿಂದ ಬಾಲದ ಎಳೆಯನ್ನೇ ಒಂದೆರಡು ಕಡೆ ಸೂಜಿಯಿಂದ ಚುಚ್ಚಿ ಹಾಯಿಸಿದರೆ ಗಟ್ಟಿ ಹಿಡಿಯುತ್ತದೆ. ಗಂಟು ಹಾಕುವುದು ಬೇಡ, ಮೆತ್ತನೆಯ ನೆತ್ತಿಗೆ ಒಂದು ಸಣ್ಣ ಗಂಟೂ ಕಲ್ಲಿನಂತೆ ಒತ್ತುತ್ತದೆ. ಉಂಡೆಯೊಳಗೆ ಕಾರ್ಖಾನೆಯ ಗಂಟು ಸಿಕ್ಕರೂ ಅಲ್ಲೇ ಕತ್ತರಿಸಿ ಹೊಸದಾಗಿ ಸೇರಿಸಿ.

ಗೊಂಡೆ, ಕಟ್ಟುವ ದಾರ, ಗುಂಡಿ, ಮಣಿ, ಅಂಟಿಸಿದ ಹೂವು ಯಾವುದೂ ಬೇಡ. ನಮ್ಮ ಕುಂಚಿಗೆಗೆ ಗಲ್ಲದಡಿ ದಾರ ಕಟ್ಟುವುದು ಚಂದವೇ, ಆದರೆ ಅದು ತಾಯಿಯ ಕಣ್ಣೆದುರಿನ ಮಗುವಿಗೆ. ಕಾಲುಚೀಲ, ಕೈಚೀಲ ಹಾಕುವವರು ಒಳಮೈ ತಿರುಗಿಸಿ ಬೆಳಕಿಗೆ ಹಿಡಿದು ಪರೀಕ್ಷಿಸಲೇಬೇಕು. ಒಳಗೆ ಉಳಿದ ಒಂದು ಸಡಿಲ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತುಹೋಗುತ್ತದೆ, ಮಗು ಏಕೆ ಅಳುತ್ತಿದೆಯೆಂದು ಯಾರಿಗೂ ತಿಳಿಯದು. ಜಾಲರಿ ಹೊಲಿಗೆಯ ಕಾಲುಚೀಲದಲ್ಲಿ ಬೆರಳೇ ತೂತಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕೈಕಾಲಿನದಕ್ಕೆ ಬಿಗಿ ಸಿಂಗಲ್ ಹೊಲಿಗೆ ಮಾತ್ರ.

ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ಕ್ರೋಶಾ ಆಕ್ಟೋಪಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇನ್‌ಕ್ಯುಬೇಟರಿನ ಮಗು ನಳಿಕೆಗಳ ಬದಲು ಆಕ್ಟೋಪಸ್‌ನ ಕಾಲು ಹಿಡಿದುಕೊಳ್ಳಲಿ ಎಂಬ ಯೋಚನೆ. ಅದಕ್ಕೆ ಅಪ್ಪಟ ಹತ್ತಿಯೇ ಆಗಬೇಕು, 60 ಡಿಗ್ರಿ ನೀರಿನಲ್ಲಿ ಒಗೆಯುವಂತಿರಬೇಕು, ಕಾಲನ್ನು ಎಳೆದು ಅಳೆದರೂ 22 ಸೆಂಟಿಮೀಟರ್ ಮೀರಬಾರದು, ಒಳಗೆ ತುಂಬಿದ ನಾರು ಹೊಲಿಗೆಯ ಸಂದಿನಿಂದ ಹೊರಬರಬಾರದು. ಎಲ್ಲ ಆಸ್ಪತ್ರೆಗಳೂ ಇದನ್ನು ಒಪ್ಪುವುದಿಲ್ಲ, ಕೇಳದೆ ಹಾಕಬೇಡಿ.

ಕೀಮೋ ಟೋಪಿಗೆ ಮೇಲಿನ ಲೆಕ್ಕವನ್ನೇ ಬೆಳೆಸಬಹುದು. ಹೆಂಗಸರ ತಲೆಸುತ್ತು ಸಾಮಾನ್ಯವಾಗಿ 54ರಿಂದ 57. ಎಂಟರಂತೆ ಹತ್ತು ಸುತ್ತು ಹೆಚ್ಚಿಸಿ 80 ಹೊಲಿಗೆ, ಬಿಲ್ಲೆ 16 ಸೆಂಟಿಮೀಟರ್, ಒಟ್ಟು 24 ಸುತ್ತು. ಹತ್ತಿಗೆ 3.5ರ ಕಡ್ಡಿ ಹಿಡಿದರೂ ಹೊಲಿಗೆಯ ಎಣಿಕೆ ಬದಲಿಸಬೇಡಿ. ಟೋಪಿ ತಾನಾಗಿ ಒಂದೆರಡು ಸೆಂಟಿಮೀಟರ್ ಕಿರಿದಾಗುತ್ತದೆ, ಹಾಕಿಕೊಂಡಾಗ ಹಿಗ್ಗಿ ಸರಿಹೋಗುತ್ತದೆ. ಎತ್ತರ 19 ಸೆಂಟಿಮೀಟರಿಗೆ ಕಡಿಮೆಯಾದರೆ ಒಂದೆರಡು ಸುತ್ತು ಸೇರಿಸಿ. ಹತ್ತಿ 60-70 ಗ್ರಾಂ ಹಿಡಿಯುತ್ತದೆ. ಕಿವಿಯ ಹಿಂದೆ ಮತ್ತು ಕುತ್ತಿಗೆಯ ಮೇಲಿನ ಕೂದಲೂ ಇರುವುದಿಲ್ಲ ಎಂಬುದನ್ನು ಹಾಕುವವರು ಮರೆಯುತ್ತಾರೆ, ಎತ್ತರದಲ್ಲಿ ಜಿಪುಣತನ ಬೇಡ. ತೂತಿನ ವಿನ್ಯಾಸ ಹಾಕಿದರೆ ನೆತ್ತಿ ಇಣುಕುತ್ತದೆ, ಧರಿಸುವವರಿಗೆ ಅದೇ ಸಂಕಟ.

ಚೂರುಪಾರು ನೂಲು ಉಳಿದವರಿಗೆ ಚೌಕಗಳೇ ಸರಿ. ಅಮೆರಿಕದಲ್ಲಿ 1991ರಲ್ಲಿ ಆರಂಭವಾದ 'ವಾರ್ಮ್ ಅಪ್ ಅಮೆರಿಕ' ಎಂಬ ಸಂಸ್ಥೆ 7×9 ಇಂಚಿನ ತುಂಡುಗಳನ್ನು ಪಡೆದು 49 ತುಂಡಿಗೆ ಒಂದು ಹೊದಿಕೆ ಹೊಲಿಯುವ ಕ್ರಮ ಹಾಕಿಕೊಟ್ಟಿತು. ಒಬ್ಬೊಬ್ಬರು ಒಂದೆರಡು ತುಂಡು ಹಾಕಿದರೂ ಹೊದಿಕೆ ಆಗುತ್ತದೆ. ನಮ್ಮ ಪಕ್ಕದ ಚೆನ್ನೈಯಲ್ಲಿ 2016ರ ಜನವರಿ 31ರಂದು 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗದ ಹೆಂಗಸರು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು, ಆಮೇಲೆ ಅದನ್ನು ಬಿಡಿಬಿಡಿ ಹೊದಿಕೆಗಳಾಗಿ ಬಡವರಿಗೆ ಹಂಚಿದರು. ಚೌಕ ಸೇರಿಸುವಾಗ ಆಗುವ ಒಂದೇ ತಪ್ಪೆಂದರೆ ಹತ್ತಿಯನ್ನೂ ಅಕ್ರಿಲಿಕ್ಕನ್ನೂ ಬೆರೆಸುವುದು. ಒಗೆದಾಗ ಒಂದು ಹಿಗ್ಗುತ್ತದೆ, ಇನ್ನೊಂದು ಹಾಗೇ ಇರುತ್ತದೆ, ಹೊದಿಕೆ ಮುರುಟಿಕೊಳ್ಳುತ್ತದೆ.

ಕೊಡುವ ಮುನ್ನ ಆಸ್ಪತ್ರೆಯ ನವಜಾತ ಘಟಕದ ಸಿಸ್ಟರ್ ಅವರನ್ನೋ ಸಂಸ್ಥೆಯವರನ್ನೋ ಕೇಳಿ ಬೇಕಾದ ಅಳತೆ ಮತ್ತು ಸಂಖ್ಯೆ ಬರೆದುಕೊಳ್ಳಿ. ಐವತ್ತು ದೊಡ್ಡ ಕುಲಾವಿ ಒಯ್ದರೆ ಅಲ್ಲಿ ಬೇಕಿದ್ದದ್ದು ಹತ್ತು ಚಿಕ್ಕವು ಎಂದಾಗಬಹುದು. ಮುಗಿಸಿದ್ದನ್ನು ಸುವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಕಂಫರ್ಟ್‌ನಂಥ ದ್ರವ ಹಾಕದೆ, ಪೂರ್ತಿ ಒಣಗಿಸಿ, ಕವರ್‌ನಲ್ಲಿ ಮುಚ್ಚಿ. ಬೀರುವಿನಲ್ಲಿ ಉಲ್ಲನ್ ಜೊತೆ ನುಸಿಗುಳಿಗೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಮಗುವಿನ ವಸ್ತುವಿನ ಹತ್ತಿರ ಅದು ಸುಳಿಯಲೂ ಬಾರದು. ಜಿ6ಪಿಡಿ ಎಂಬ ರಕ್ತಕಣದ ಕಿಣ್ವದ ಹುಟ್ಟು ಕೊರತೆಯಿರುವ ಹಸುಗೂಸುಗಳಲ್ಲಿ ಗುಳಿಗೆಯಲ್ಲಿನ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ಏರಿಸುತ್ತದೆ. ಅಕ್ರಿಲಿಕ್‌ಗೆ ಹುಳವೇ ಹಿಡಿಯದಿರುವಾಗ ಗುಳಿಗೆಯ ಅಗತ್ಯವೂ ಇಲ್ಲ. ನುಸಿಗುಳಿಗೆಯ ವಾಸನೆ ಕುಡಿದ ನೂಲನ್ನು ಒಗೆದು ಕೊಡುವ ಯೋಚನೆ ಬಿಟ್ಟು ಬಾಗಿಲ ತೋರಣಕ್ಕೆ ಬಳಸಿ.

ಅಳತೆಗೊಂದು ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಕನ್ನಡದಲ್ಲಿ ಒಂದು ಚೀಟಿ ಇಡಿ: 'ತಲೆಸುತ್ತು 33-36 ಸೆಂ.ಮೀ. ಹತ್ತಿ ಮತ್ತು ಅಕ್ರಿಲಿಕ್ ಮಿಶ್ರಣ. ಬೆಚ್ಚಗಿನ ನೀರಿನಲ್ಲಿ ಒಗೆಯಬಹುದು. ಇಸ್ತ್ರಿ ಬೇಡ, ಆವಿಗೆ ಹಾಕಬಾರದು.'